ಗಾಜಿಗೆ ತಿಳಿಯದ ಬೆರಳು

ಶೀಸೆ ಮಾಡುವ ಆ ಕಾರ್ಖಾನೆಯಲ್ಲಿ ಎಲ್ಲರೂ ಅವರನ್ನು ಮಾವ ಎಂದೇ ಕರೆಯುತ್ತಿದ್ದರು. ಮಗಳ ಗಂಡ ಅಲ್ಲಿಗೆ ಎಂಜಿನಿಯರ್ ಆಗಿ ಬಂದವನು, ಮೊದಲ ದಿನ ಮೈಮರೆತು ಎಲ್ಲರೆದುರಿಗೆ ‘ಮಾವ’ ಎಂದು ಕೂಗಿದ್ದೇ ತಡ, ಹೆಸರು ಅಂಟಿಕೊಂಡಿತು. “ಇಷ್ಟು ಜನಕ್ಕೆ ಮಾವ ಆಗಿದೀರಿ, ಹೆಣ್ಣು ಕೊಟ್ಟಿದ್ದು ಮಾತ್ರ ಒಬ್ಬನಿಗೆ. ಇದ್ಯಾವ ನ್ಯಾಯ?” ಎಂದು ಕುಲುಮೆಯ ಕಡೆಯವರು ಛೇಡಿಸುವರು. ಮಾವ ನಕ್ಕು ಯಂತ್ರದ ಕಡೆ ತಿರುಗುವರು.

ಆ ಯಂತ್ರದ ಮುಂದೆಯೇ ಅವರ ತಲೆ ನೆರೆತಿತ್ತು. ಕೆಂಪಗೆ ಕಾದ ಗಾಜಿನ ಮುದ್ದೆ ಮೇಲಿಂದ ಜಾರಿ ಅಚ್ಚಿಗೆ ಬೀಳುತ್ತದೆ. ಒಳಗೆ ಗಾಳಿ ಊದಿದರೆ ಶೀಸೆ. ದೇವರು ಮಣ್ಣಿಗೆ ಉಸಿರೂದಿ ಮನುಷ್ಯನನ್ನು ಮಾಡಿದ ಎನ್ನುತ್ತಾರಲ್ಲ, ಅದು ಅವರಿಗೆ ಓದಿ ತಿಳಿದ ಮಾತಾಗಿರಲಿಲ್ಲ, ದಿನವೂ ಕಣ್ಣೆದುರು ನಡೆಯುವ ಕೆಲಸವಾಗಿತ್ತು. ಕಾವಿಳಿಯದ ಶೀಸೆಗಳನ್ನು ಹಿಡಿದು ಹಿಡಿದು ಬೆರಳ ತುದಿಗಳು ಒಣತೊಗಲಿನಂತಾಗಿದ್ದವು. “ತಾತನ ಕೈ ಕಚ್ಚುತ್ತೆ” ಎಂದು ಮೊಮ್ಮಗಳು ಕೆನ್ನೆ ತಪ್ಪಿಸಿಕೊಳ್ಳುವಳು.

ಯಂತ್ರಕ್ಕೆ ಹೇಳಬೇಕಾದ್ದನ್ನೆಲ್ಲ ಅವರು ದಪ್ಪ ಗುಂಡಿಗಳನ್ನು ಒತ್ತಿ ಹೇಳುತ್ತಿದ್ದರು. ಆ ಗುಂಡಿಗಳ ಫಲಕ ಮುದಿಯಾಯಿತು. ಅದರ ಬಿಡಿಭಾಗ ಮಾಡುವವರೂ ಇಲ್ಲವಾದರು. ಇನ್ನು ಗುಂಡಿಯ ಬದಲು ಪರದೆ ಕೂರಿಸೋಣ, ಅದರಲ್ಲಿ ಓಡುವ ಸಾಫ್ಟ್‌ವೇರ್ ಯಾವುದೆಂದು ಆರಿಸು ಎಂದು ಮಾಲೀಕರು ಅಳಿಯನಿಗೆ ಒಪ್ಪಿಸಿದರು. ಜೊತೆಗೆ ಒಂದು ಮಾತು ಸೇರಿಸಿದರು: “ದಿನಾ ಅದರ ಜೊತೆ ಬಾಳೋರು ಮಾವ. ಅವರು ಯಾವುದು ಅಂತಾರೋ ಅದೇ.”

ಜರಡಿ ಹಿಡಿದು ಹಿಡಿದು ಕೊನೆಗೆ ಎರಡು ಉಳಿದವು. ಒಂದು ನೋಡಲು ಮಂಕು. ಬೂದು ಬಣ್ಣದ ಚೌಕಗಳು, ಅಂಕಿಗಳು, ಅಷ್ಟೇ. ಅದರ ಜೊತೆ ಬರುವ ಪರದೆಗೆ ಮೆತ್ತನೆಯ ಪೊರೆಯಿತ್ತು, ಕಡ್ಡಿಯಿಂದ ಒತ್ತಿದರೂ ಕೇಳುತ್ತಿತ್ತು. ಇನ್ನೊಂದರಲ್ಲಿ ಇಡೀ ಯಂತ್ರವೇ ಚಿತ್ರವಾಗಿ ಕಾಣುತ್ತಿತ್ತು. ಯಾವ ಅಚ್ಚು ಬಿಸಿಯೇರಿದೆ, ಎಲ್ಲಿ ಗಾಳಿ ಕಡಿಮೆ, ಎಲ್ಲ ಒಂದೇ ನೋಟಕ್ಕೆ. ಆದರೆ ಅದು ಮೊಬೈಲಿನಂಥ ಗಾಜಿನ ಪರದೆಯ ಮೇಲೆ ಮಾತ್ರ ಓಡುವಂಥದ್ದು. ಆ ಗಾಜಿಗೆ ಒತ್ತಡ ತಿಳಿಯದು. ಜೀವವಿರುವ ಚರ್ಮದ ತೇವ ತಿಳಿಯುತ್ತದೆ. ಅಳಿಯ ಇದನ್ನು ಕಾಲೇಜಿನಲ್ಲೇ ಓದಿದ್ದ. ಮಾವನ ಬೆರಳುಗಳನ್ನು ಊಟದ ಮೇಜಿನಲ್ಲಿ ದಿನವೂ ನೋಡುತ್ತಿದ್ದ. ಎರಡನ್ನೂ ಒಟ್ಟಿಗೆ ಇಟ್ಟು ನೋಡಬೇಕೆಂದು ಅವನಿಗೆ ಹೊಳೆಯಲಿಲ್ಲ.

ಎರಡನೆಯದನ್ನು ತೋರಿಸಬೇಕಾದರೆ ಚಿತ್ರಗಳನ್ನು ಕಾರ್ಖಾನೆಯವರೇ ಬರೆಯಬೇಕಿತ್ತು. ಅಳಿಯ ಕೆಲಸ ಮುಗಿಸಿ ಬಂದು ಮನೆಯಲ್ಲೂ ಅದನ್ನೇ ಬರೆಯುತ್ತ ಕೂತ. ಮಗಳು ತಂದೆಗೆ ಹೆಮ್ಮೆಯಿಂದಲೇ ದೂರಿದಳು: ಊಟಕ್ಕೆ ಕರೆದರೂ ಇವರಿಗೆ ಕಿವಿ ಕೇಳಲ್ಲ ಅಪ್ಪ, ನಿಮ್ಮ ಯಂತ್ರದ ಒಂದೊಂದು ತಿರುಪನ್ನೂ ಬಿಡದೆ ಬರೀತಿದಾರೆ. ಮಾವ ತಲೆಯಾಡಿಸಿದರು. ಒಂದೇ ಸೂರಿನ ಕೆಳಗಿದ್ದರೂ ಮಾವನಿಗೂ ಅಳಿಯನಿಗೂ ನೇರ ಮಾತು ಕಡಿಮೆ; ನಿಮ್ಮಪ್ಪನ್ನ ಕೇಳು, ನಿನ್ನ ಗಂಡನ್ನ ಕೇಳಮ್ಮ ಎಂದು ನಡುವೆ ಅವಳೊಬ್ಬಳು ಸೇತುವೆ. ಅಳಿಯ ಮಾಡಿದ್ದಕ್ಕೆಲ್ಲ ಮಾವನದು ಒಂದೇ ಉತ್ತರ: ಚೆನ್ನಾಗಿದೆ. ಹೆಂಡತಿ ಜ್ವರದಿಂದ ಮಲಗಿದ್ದಾಗ ಅವನು ಮಾಡಿದ ಅಡುಗೆಗೆ ಎರಡು ಸಲ ಉಪ್ಪು ಬಿದ್ದಿತ್ತು. ಅದೂ ಚೆನ್ನಾಗಿಯೇ ಇತ್ತು. ತಟ್ಟೆ ಖಾಲಿ ಮಾಡಿ ಎರಡು ಚೊಂಬು ನೀರು ಕುಡಿದು ಎದ್ದಿದ್ದರು.

ಪರೀಕ್ಷೆಯ ದಿನ ಮಾಲೀಕರ ಕೋಣೆಯಲ್ಲಿ ಎರಡೂ ಪರದೆಗಳನ್ನು ಜೋಡಿಸಿದರು. ಮಾವ ಮೊದಲನೆಯದನ್ನು ಒತ್ತಿದರು. ಕೇಳಿತು. ಎರಡನೆಯದನ್ನು ಒತ್ತಿದರು. ಮಿಸುಕಲಿಲ್ಲ. ಮೆಲ್ಲಗೆ ಮುಟ್ಟಿ ಸಾಕು ಎಂದ ಮಾರಲು ಬಂದವನು. ಮೆಲ್ಲಗೆ ಮುಟ್ಟಿದರೂ ಇಲ್ಲ. ಮಾವ ಮೇಜಿನ ಮೇಲಿದ್ದ ತಣ್ಣೀರಿನ ಲೋಟ ಎತ್ತಿಕೊಂಡು ಒಂದು ಗುಟುಕು ಕುಡಿದರು. ಲೋಟದ ಹೊರಮೈ ಬೆವೆತಿತ್ತು. ಅದನ್ನು ಕೆಳಗಿಟ್ಟು ಅದೇ ಬೆರಳಿನಿಂದ ಮುಟ್ಟಿದರು. ಚಿತ್ರ ಅರಳಿಕೊಂಡಿತು. ಎಲ್ಲರ ನಡುವೆ ನಿಂತು ಅಂಜಿದ್ದಾರೆ, ಅದಕ್ಕೇ ನೀರು ಕುಡಿದರು ಎಂದುಕೊಂಡ ಅಳಿಯ. ಹೇಗಿದೆ ಎಂದು ಅವನೇ ಕೇಳಿದ. ಯಾವ ಉತ್ತರ ಬರುತ್ತದೆಂದು ಮನೆಯ ಮಗುವಿಗೂ ಗೊತ್ತಿದ್ದ ಪ್ರಶ್ನೆ ಅದು. ಆ ಉತ್ತರವೇ ಬಂತು. ಮಾಲೀಕರು ಮೇಜು ತಟ್ಟಿ ಎರಡನೆಯದನ್ನು ಖಾಯಂ ಮಾಡಿದರು.

ಒಂದೊಂದು ಯಂತ್ರದ ಪಕ್ಕವೂ ಒಂದೊಂದು ಪರದೆ ಬಂದು ಕೂತಿತು. ಅಲ್ಲಿ ತಣ್ಣೀರಿನ ಲೋಟ ಎಲ್ಲಿಂದ ಬರಬೇಕು? ಕುಲುಮೆಯ ಝಳಕ್ಕೆ ಕಣ್ಣಿನ ನೀರೂ ಆರುವ ಜಾಗ. ಮಾವ ಜೇಬಿನಲ್ಲಿ ಒದ್ದೆ ಬಟ್ಟೆ ಇಟ್ಟುಕೊಂಡರು. ಕೆಲವು ದಿನ ಹಾಗೆಯೇ ಸಾಗಿತು. ಒಂದು ಮಧ್ಯಾಹ್ನ ಬೆರಳಿನಿಂದ ಹನಿಯೊಂದು ಗಾಜಿನ ಮೇಲೆ ಜಾರಿ, ತಾನೇ ಬೆರಳೆಂಬಂತೆ ಅಲ್ಲಿದ್ದ ಅಂಕಿಯನ್ನು ಬದಲಿಸಿತು. ಅಚ್ಚುಗಳ ಗಾಳಿ ನಿಂತುಹೋಗಿ, ಶೀಸೆಗಳ ಬದಲು ಕೆಂಪು ಮುದ್ದೆಗಳು ಸಾಲಾಗಿ ಬಂದು ಸಾಗುವ ಪಟ್ಟಿಯ ಮೇಲೆ ಬಿದ್ದವು. ಯಾರಿಗೂ ಏನೂ ಆಗಲಿಲ್ಲ, ದೇವರು ದೊಡ್ಡವನು. ಆದರೆ ಒದ್ದೆ ಬಟ್ಟೆ ಎಲ್ಲರ ಕಣ್ಣಿಗೆ ಬಿತ್ತು.

ಅಳಿಯ ತನಗೆ ತಿಳಿದದ್ದನ್ನೆಲ್ಲ ಮಾಡಿದ. ಪರದೆಯ ಸೂಕ್ಷ್ಮತೆ ಏರಿಸಿದ. ಗಾಳಿಯಲ್ಲಿ ಹಾರುವ ಎಣ್ಣೆಯ ಹನಿಗಳೂ ಆಜ್ಞೆ ಕೊಡತೊಡಗಿದವು. ರಬ್ಬರ್ ಮೂತಿಯ ಕಡ್ಡಿ ತಂದುಕೊಟ್ಟ. ಕಾವಿಗೆ ಮೂತಿ ಕರಗಿತು. ಬೆರಳ ಗೆಣ್ಣಿನಿಂದ ಮುಟ್ಟಿದರೆ ಪಕ್ಕದ ಅಂಕಿಯೂ ಜೊತೆಗೆ ಒತ್ತಿಕೊಳ್ಳುತ್ತಿತ್ತು. ಕೊನೆಗೆ ಮಾಲೀಕರ ಮುಂದೆ ಹೋಗಿ, ಆ ಮಂಕು ಪರದೆಯನ್ನೇ ಹಾಕಿಬಿಡೋಣ ಎಂದು ಬೇಡಿಕೊಂಡ.

“ಎಲ್ಲಾ ಯಂತ್ರಕ್ಕೂ ಹಾಕಿ ಆಯ್ತಲ್ಲಪ್ಪ,” ಎಂದರು ಅವರು. ಅವರ ದನಿಯಲ್ಲಿ ಕೋಪವಿರಲಿಲ್ಲ. “ಬೇರೆ ಹುಡುಗರೆಲ್ಲ ಖುಷಿಯಾಗಿದಾರೆ. ಆರಿಸಿದ್ದೂ ಮಾವನೇ. ಅವರ ಕೆಲಸ ಏನೂ ಹೋಗಲ್ಲ. ನಾಳೆಯಿಂದ ಶೀಸೆ ನೋಡೋ ಮೇಜಿಗೆ ಹೋಗ್ಲಿ.”

ಶೀಸೆ ನೋಡುವ ಮೇಜೆಂದರೆ ದೀಪದ ಮುಂದೆ ಹಾದುಹೋಗುವ ಶೀಸೆಗಳಲ್ಲಿ ಬಿರುಕು ಹುಡುಕುವುದು. ಬೇರೆಯವರು ಮಾಡಿದ್ದನ್ನು ನೋಡುವ ಕೆಲಸ.

ಅಳಿಯ ಬಂದು ಮಾಲೀಕರ ಮಾತು ತಿಳಿಸಿ ಯಂತ್ರದ ಬಳಿ ನಿಂತ. ನಡುವೆ ಮಾತು ದಾಟಿಸಲು ಮಗಳಿರಲಿಲ್ಲ.

“ಆವತ್ತೇ ಯಾಕೆ ಹೇಳಲಿಲ್ಲ, ಮಾವ?”

“ನೀವು ಅಷ್ಟು ಕಷ್ಟಪಟ್ಟು ಬರೆದಿದ್ರಿ.”

“ನನಗೆ ಯಾವುದಾದ್ರೂ ಆಗ್ತಿತ್ತು. ಇನ್ನೊಂದಕ್ಕೆ ಬರೆಯೋದೇ ಇರಲಿಲ್ಲ, ಅದಕ್ಕೇ ಇದನ್ನ ಬರೆದೆ.”

ಮಾವ ಬೆರಳ ತುದಿಗಳನ್ನು ಒಂದಕ್ಕೊಂದು ಉಜ್ಜಿಕೊಂಡರು. “ದೇವರು ಎಲ್ಲಾನೂ ಕೊಟ್ಟಿದ್ದ, ಅಳಿಯಂದ್ರೇ. ಬಾಯಿ ತೆಗೆಯೋದೊಂದನ್ನ ನಮ್ಮಿಬ್ಬರಿಗೆ ಬಿಟ್ಟಿದ್ದ.”

ಅಷ್ಟರಲ್ಲಿ ಪರದೆಯಲ್ಲಿ ಒಂದು ಅಚ್ಚು ಕೆಂಪಗಾಯಿತು. ಮಾವನ ಕೈ ತಾನಾಗಿ ಮುಂದೆ ಹೋಯಿತು. ಮುಟ್ಟಿತು. ಮತ್ತೆ ಮುಟ್ಟಿತು. ಅಳಿಯ ಪಕ್ಕದಿಂದ ತನ್ನ ಬೆರಳು ಚಾಚಿದ.

“ಎಷ್ಟು ಇಳಿಸ್ಲಿ?”

“ಸ್ವಲ್ಪ. ಇನ್ನೂ ಸ್ವಲ್ಪ. ಸಾಕು.”

ಕೆಂಪು ಇಳಿಯಿತು. ಪಾಳಿ ಮುಗಿಯುವವರೆಗೂ ಇಬ್ಬರೂ ಹಾಗೆಯೇ ನಿಂತರು. ಮಾವ ಮುದ್ದೆಯ ಬಣ್ಣ ನೋಡಿ ಹೇಳುವರು, ಅಳಿಯ ಮುಟ್ಟುವನು. ಬಂದ ಶೀಸೆಗಳಲ್ಲಿ ಒಂದು ಗುಳ್ಳೆಯೂ ಇರಲಿಲ್ಲ. ಆದರೆ ದಿನವೂ ಒಬ್ಬ ಎಂಜಿನಿಯರನನ್ನು ಒಬ್ಬರ ಬೆರಳಾಗಿ ನಿಲ್ಲಿಸಲು ಯಾವ ಕಾರ್ಖಾನೆ ಒಪ್ಪುತ್ತದೆ? ಇಬ್ಬರಿಗೂ ಅದು ಗೊತ್ತಿತ್ತು.

ಗಂಟೆಯಾಯಿತು. ಮುಂದಿನ ಪಾಳಿಯವನು ಬಂದು ಮಾವನಿಗೆ ತಲೆಬಾಗಿಸಿ, ಪರದೆಯನ್ನು ಒಮ್ಮೆ ಮುಟ್ಟಿ ತನ್ನ ಹೆಸರು ಹಾಕಿಕೊಂಡ. ಮಾವನ ಹೆಸರು ಅಳಿಸಿತು. ಮಾವ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಬಾಗಿಲ ಕಡೆ ನಡೆದರು.

“ಆ ಮೇಜಿನ ಹತ್ರ ಕುರ್ಚಿ ಕೊಡ್ತಾರಂತಾ?” ಎಂದು ಕೇಳಿದರು.

“ಕೊಡ್ತಾರೆ, ಮಾವ.”

“ಕೂತು ಅಭ್ಯಾಸ ಇಲ್ಲ ನನಗೆ.”

ಅಳಿಯ ಅವರ ಹಿಂದೆಯೇ ಹೊರಗೆ ನಡೆದ.