ಗಲ್ಲಿಯ ಮೊಣಕೈ

ಕೊನೆಮನೆ ಅಕ್ಕನಿಗೆ ದಾರಿ ಇರಲಿಲ್ಲ. ಮನೆ ಇತ್ತು, ಮನೆಯೊಳಗೆ ಗಂಡ ಇದ್ದ, ಗಂಡನ ಆಪರೇಷನ್ನಿಗೆ ಆಸ್ಪತ್ರೆಯವರು ದಿನವನ್ನೂ ಗೊತ್ತುಮಾಡಿದ್ದರು. ಆದರೆ ಮನೆಯಿಂದ ಆಂಬುಲೆನ್ಸ್ ನಿಲ್ಲುವ ರಸ್ತೆಯವರೆಗೆ ಒಬ್ಬ ಮನುಷ್ಯನನ್ನು ಮಲಗಿಸಿಕೊಂಡು ಹೋಗುವಷ್ಟು ಅಗಲದ ದಾರಿ ಇರಲಿಲ್ಲ.

"ಸತ್ತಿದ್ರೆ ಸಲೀಸಿತ್ತು," ಎಂದ ಗಂಡ, ಮಂಚದ ಮೇಲಿಂದ. "ಹೆಣಾನ ಓರೆ ಮಾಡಿ ಹೊರಬಹುದು. ಜೀವ ಇರೋನದ್ದೇ ತಕರಾರು."

"ಸಾಕು, ಬಾಯಿ ಮುಚ್ಚು," ಎಂದು ಅಕ್ಕ ನೀರಿನ ಲೋಟವನ್ನು ಅವನ ಕೈಗೆಟುಕುವಂತಿಟ್ಟು ಗಲ್ಲಿಯ ಸಭೆಗೆ ಹೊರಟಳು.

ಅವನು ಗೋಡೆಗಳಿಗೆ ಬಣ್ಣ ಹೊಡೆಯುವವನು. ಸಾರವೆಯಿಂದ ಬಿದ್ದು ಬೆನ್ನುಮೂಳೆಗೆ ಪೆಟ್ಟಾಗಿತ್ತು. ಮೊದಲ ಸಲ ಆಸ್ಪತ್ರೆಯಿಂದ ಕಳಿಸಿದಾಗ ಗಲ್ಲಿಯ ತಿರುವಿನ ಮನೆಯ ಟೈಲರ್ ಅವನನ್ನು ಉಪ್ಪಿನ ಮೂಟೆಯಂತೆ ಬೆನ್ನ ಮೇಲೆ ಹೊತ್ತು ಮನೆ ಮುಟ್ಟಿಸಿದ್ದ. ಮರುದಿನ ಎಡಗಾಲು ಸ್ವಾಧೀನ ತಪ್ಪಿತು. ಡಾಕ್ಟರು ಎಗರಾಡಿದರು. ಇನ್ನು ಇವನನ್ನು ಬಗ್ಗಿಸುವ ಹಾಗಿಲ್ಲ, ಕೂರಿಸುವ ಹಾಗಿಲ್ಲ, ಹಲಗೆಯ ಹಾಗೆ ಮಲಗಿಸಿಯೇ ತರಬೇಕು. ಆಪರೇಷನ್ನಿಗೆ ಗೊತ್ತುಮಾಡಿದ ದಿನ ತಪ್ಪಿದರೆ ಬಲಗಾಲೂ ಹೋಗುತ್ತದೆ.

ಸಭೆ ನೀರಿನ ತೊಟ್ಟಿಯ ಕಟ್ಟೆಯ ಹತ್ತಿರ. ನಡೆಸುವವಳು ಸೂಲಗಿತ್ತಿ ಅಜ್ಜಿ. ಗಲ್ಲಿಯ ಅರ್ಧ ಜನರನ್ನು ಕಾಲು ಹಿಡಿದು ಭೂಮಿಗೆ ಎಳೆದವಳಾದ್ದರಿಂದ ಯಾರಿಗೂ ಬಹುವಚನ ಹಚ್ಚುತ್ತಿರಲಿಲ್ಲ. ಸಭೆಗೆ ಇದ್ದದ್ದು ಎರಡೇ ಕಟ್ಟಳೆ. ತೊಂದರೆ ಯಾರದೋ ಮೊದಲ ಮಾತು ಅವರದು. ಆಮೇಲೆ ಬಾಯಿ ತೆರೆಯುವವರು ತಮ್ಮದನ್ನು ಮಾತ್ರ ಕೊಡಬಹುದು, ಪಕ್ಕದವನದನ್ನು ಕೊಡುವ ಹಾಗಿಲ್ಲ. ಈ ಎರಡನೆಯ ಕಟ್ಟಳೆಯ ದೆಸೆಯಿಂದ ಸಭೆಯ ಬಹುಪಾಲು ಮೌನದಲ್ಲೇ ಕಳೆಯುತ್ತಿತ್ತು.

ಬಡವರಿಗೆ ಮನೆ ಕೊಡಿಸುವ ಸಂಸ್ಥೆಯ ಹುಡುಗಿಯೂ ಬಂದಿದ್ದಳು. ಊರಾಚೆಯ ಹೊಸ ಕಟ್ಟಡದಲ್ಲಿ ಅಕ್ಕನಿಗೆ ಒಂದು ಕೋಣೆ ಕೊಡಿಸಲು ಓಡಾಡಿದವಳು ಅವಳೇ. ಅಲ್ಲಿ ಲಿಫ್ಟ್ ಇತ್ತು, ಅಗಲವಾದ ಬಾಗಿಲಿತ್ತು. ಅಕ್ಕ ಇಸ್ತ್ರಿ ಮಾಡುವ ಬಟ್ಟೆಗಳು ಮಾತ್ರ ಈ ಗಲ್ಲಿಯ ಸುತ್ತಿನವು. ಅವಳು ಬಟ್ಟೆ ಕೊಡಲು ಹೋದಾಗ ಗಂಡನನ್ನು ಮಗ್ಗುಲು ತಿರುಗಿಸುವವರೂ ಈ ಗಲ್ಲಿಯವರೇ.

"ಮೊದಲ ಮಾತು ನಿನ್ನದು," ಎಂದಳು ಅಜ್ಜಿ.

ಅಕ್ಕ ಸೆರಗಿನ ತುದಿ ತಿರುಚುತ್ತ ಎದ್ದು ನಿಂತಳು. "ನಾವೇ ಹೊರಟುಹೋಗ್ತೀವಿ ಅಜ್ಜಿ. ಸೂರು ಕಿತ್ತು, ಮಂಚದ ಸಮೇತ ಅವನನ್ನ ಮೇಲಿಂದ ಎತ್ತಿ ಆಚೆ ರಸ್ತೆಗೆ ಇಳಿಸಿಬಿಟ್ರೆ ಆಯ್ತು. ಆ ಮನೆ ಇನ್ನು ಗಲ್ಲಿದು. ಮಕ್ಕಳು ಓದೋಕೋ, ಬಟ್ಟೆ ಒಣಗಿಸೋಕೋ, ಏನಾದ್ರೂ ಮಾಡ್ಕೊಳ್ಳಿ."

ಅಜ್ಜಿ ಬಾಯಲ್ಲಿದ್ದ ಎಲೆಅಡಿಕೆಯನ್ನು ನುಂಗಿದಳು. "ಕೇಳಿಸ್ತಾ? ತೊಂದರೆ ಇರೋಳು ಮನೇನೇ ಕೊಟ್ಟಾಯ್ತು. ಇನ್ನು ಯಾರು ಏನು ಕೊಡ್ತೀರೋ ಕೊಡಿ."

ಯಾರೂ ಕೊಡಲಿಲ್ಲ. ತೊಟ್ಟಿಯ ನಲ್ಲಿ ತೊಟ್ಟಿಕ್ಕುತ್ತಿತ್ತು. ಸಂಸ್ಥೆಯ ಹುಡುಗಿಗೆ ತಡೆಯಲಾಗಲಿಲ್ಲ.

"ಅಜ್ಜಿ, ನಾನು ನೋಡಿದೀನಿ. ದಾರಿಗೆ ಅಡ್ಡ ಬಂದಿರೋ ಮೆಟ್ಟಿಲುಗಳನ್ನ ತೆಗೆದು, ತಿರುವಿನಲ್ಲಿರೋ ಟೈಲರ್ ಅಣ್ಣನ ಗೋಡೆ ಒಂದಿಷ್ಟು..."

"ಅದು ನಿನ್ನ ಗೋಡೆನಾ ಮಗಳೇ?"

"ಅಲ್ಲ."

"ಹಾಗಾದ್ರೆ ಕೊಡಬೇಡ. ನಿನ್ನ ಹತ್ರ ಏನಿದೆ?"

ಹುಡುಗಿ ಯೋಚಿಸಿದಳು. "ಆಸ್ಪತ್ರೆಯಿಂದ ಸ್ಟ್ರೆಚರ್ ಮುಂಚೇನೇ ಕೇಳಿ ತರಬಲ್ಲೆ. ಅಳತೆಗೆ."

"ಹಾಂ, ಇದು ಕೊಟ್ಟ ಹಾಗೆ."

ಟೈಲರ್ ಕೊರಳಿನ ಟೇಪನ್ನು ಕಿತ್ತು ಕೈಗೆ ಸುತ್ತಿಕೊಂಡ. ಅವನ ಮುಖ ಕೆಂಪಾಗಿತ್ತು. "ಒಳ್ಳೇ ನ್ಯಾಯ ಇದು! ಇವಳು ಮನೇನೇ ಬಿಟ್ಟು ಎದ್ದು ಹೋದಮೇಲೆ ನಾನು ಜಗಲಿ ತಬ್ಬಿಕೊಂಡು ಕೂತ್ರೆ, ಬಟ್ಟೆ ಹೊಲಿಸೋಕೆ ನಾಯೀನೂ ಬರಲ್ಲ. ತಗೊಳ್ಳಿ ನನ್ನ ಜಗಲಿ."

"ಮೆಟ್ಟಿಲು ನಂದು," ಎಂದ ಎದುರಿನ ಅಂಗಡಿಯವನು. ಹಿಂದಿನಿಂದ ಯಾರೋ "ನಮ್ಮದೂ" ಎಂದರು. ಆಮೇಲೆ ಒಬ್ಬರ ಬೆನ್ನಿಗೊಬ್ಬರು. ಅಕ್ಕ ನಿಂತೇ ಇದ್ದಳು. ಕೂರಬೇಕು ಎನ್ನುವುದು ಅವಳಿಗೆ ಮರೆತುಹೋಗಿತ್ತು.

ಸ್ಟ್ರೆಚರ್ ಬಂದ ದಿನ ಟೈಲರ್ ಅದನ್ನು ಮದುಮಗನ ಕೋಟಿಗೆ ಅಳತೆ ತೆಗೆದಂತೆ ತೆಗೆದ. ಬಟ್ಟೆಗೆ ಗೆರೆ ಎಳೆಯುವ ಸೀಮೆಸುಣ್ಣದಿಂದ ಗಲ್ಲಿಯುದ್ದಕ್ಕೂ ಗುರುತು ಹಾಕುತ್ತ ಬಂದ. ಗುರುತಿನ ಈಚೆಗಿದ್ದದ್ದನ್ನು ಅವರವರೇ ಒಡೆದುಕೊಂಡರು. ಹೆಂಗಸರು ಬಾಂಡಲಿಯಲ್ಲಿ ಕಲ್ಲು ಮಣ್ಣು ಹೊತ್ತು ರಸ್ತೆಗೆ ಸಾಗಿಸಿದರು. ಧೂಳಿನಿಂದ ಎಲ್ಲರ ಹುಬ್ಬು ಬೆಳ್ಳಗಾಗಿ ಗಲ್ಲಿಗೆ ಗಲ್ಲಿಯೇ ಮುದಿಯಾದಂತೆ ಕಂಡಿತು.

ಪರೀಕ್ಷೆಗೆ ಅಂಗಡಿಯವನನ್ನು ಮಲಗಿಸಿದರು. ಅವನನ್ನು ಎತ್ತಬಲ್ಲವರು ಯಾರನ್ನು ಬೇಕಾದರೂ ಎತ್ತಬಲ್ಲರು ಎಂದು ಅಜ್ಜಿಯ ತೀರ್ಪು. ನೆಟ್ಟಗಿನ ದಾರಿಯಲ್ಲಿ ಸ್ಟ್ರೆಚರ್ ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಸಾಗಿತು. ಟೈಲರನ ಮನೆಯ ತಿರುವಿನಲ್ಲಿ ಸಿಕ್ಕಿಕೊಂಡಿತು. ಹಿಂದೆ ಎಳೆದರು, ಎತ್ತರಿಸಿದರು, ಅಂಗಡಿಯವನು "ಅಯ್ಯೋ ಜಾರ್ತಿದೀನ್ರೋ" ಎಂದು ಕೂಗಿಕೊಂಡ. ತಿರುಗಲಿಲ್ಲ.

ಟೈಲರ್ ಮೂಲೆಯನ್ನು ನೋಡಿದ, ಸ್ಟ್ರೆಚರನ್ನು ನೋಡಿದ, ಹಣೆ ಚಚ್ಚಿಕೊಂಡ. "ಅಗಲ ಅಳೆದೆ, ತಿರುವು ಬಿಟ್ಟೆ. ನೆಟ್ಟಗೆ ನಿಂತಾಗ ಸರಿಯಾಗಿರುತ್ತೆ, ಮೊಣಕೈ ಮಡಚಿದ್ರೆ ಹರಿಯುತ್ತೆ, ಅಂಥ ಅಂಗಿ ಹೊಲಿದುಬಿಟ್ಟೆ."

"ಊರಿಗೆಲ್ಲ ಬಿಗಿ ಹೊಲಿದೂ ಹೊಲಿದೂ ಅದೇ ಚಾಳಿ," ಎಂದಳು ಅವನ ಹೆಂಡತಿ.

ಜನ ನಕ್ಕರು. ನಗು ಬೇಗ ನಿಂತಿತು. ಜಗಲಿ ಆಗಲೇ ಹೋಗಿತ್ತು. ಇನ್ನು ಒಡೆಯಬೇಕಾದದ್ದು ಮನೆಯ ಗೋಡೆ. ಅದರ ಹಿಂದೆ ಅವನ ಹೊಲಿಗೆ ಮೆಷಿನ್ ಇತ್ತು, ಮೆಷಿನ್ನಿಗೆ ಬೆಳಕು ಕೊಡುವ ಒಂದೇ ಕಿಟಕಿ ಇತ್ತು. ಗೋಡೆ ಒಳಗೆ ಸರಿದರೆ ಆ ಕೋಣೆಯಲ್ಲಿ ಮಲಗಲು ಜಾಗ ಉಳಿಯುತ್ತದೆ, ಹೊಲಿಯಲು ಉಳಿಯುವುದಿಲ್ಲ. ಎಲ್ಲರಿಗೂ ಗೊತ್ತಿತ್ತು. ಒಬ್ಬ ಚಪ್ಪಲಿಯ ಉಂಗುಷ್ಟ ಸರಿಮಾಡಿಕೊಂಡ. ಸಂಸ್ಥೆಯ ಹುಡುಗಿ ಈ ಸಲ ತುಟಿ ಕಚ್ಚಿಕೊಂಡು ನೆಲ ನೋಡಿದಳು.

"ಬಿಡಣ್ಣ, ಸಾಕು," ಎಂದಳು ಅಕ್ಕ. "ಆ ಕೋಣೆಗೇ ಹೋಗ್ತೀವಿ. ನೀನು ಮಾಡಿದ್ದು ಕಮ್ಮಿಯಾಯ್ತಾ?"

ಟೈಲರ್ ಅವಳತ್ತ ತಿರುಗಲಿಲ್ಲ. ಹೆಂಡತಿಯ ಮುಖ ನೋಡಿದ. ಅವಳೂ ಅವನನ್ನು ನೋಡಿದಳು. ಆಮೇಲೆ ಅವಳೇ ಮೊದಲು ಒಳಗೆ ಹೋದಳು. ನೆಲದ ಮೇಲೆ ಕಬ್ಬಿಣ ಎಳೆಯುವ ಸದ್ದು ಕೇಳಿಸಿತು. ಇಬ್ಬರೂ ಮೆಷಿನ್ನನ್ನು ಹೊರಗೆ ತಂದು ಬಿಸಿಲಲ್ಲಿ ಇಟ್ಟರು. ಸೂಜಿಯಲ್ಲಿ ಇನ್ನೂ ನೀಲಿ ದಾರ ಇತ್ತು. ಸೂರಿನ ತಗಡಿಗೆ ಕಂಬ ಕೊಟ್ಟು, ಟೈಲರ್ ಹಾರೆ ಎತ್ತಿಕೊಂಡ.

ಮೊದಲ ಏಟಿಗೆ ಗಾರೆ ಉದುರಿತು. ಆಮೇಲೆ ಇಟ್ಟಿಗೆ. ಒಂದು ಸಲ ಹಾರೆ ಜಾರಿ ಅವನ ಕೈಗೇ ಬಿತ್ತು. ಬಟ್ಟೆಯ ಚೂರೊಂದನ್ನು ಸುತ್ತಿಕೊಂಡು ಮುಂದುವರಿಸಿದ. ಕಿಟಕಿ ಚೌಕಟ್ಟಿನ ಸಮೇತ ಕೆಳಗೆ ಬಿದ್ದಾಗ ಅವನ ಸಂಸಾರವೆಲ್ಲ ಬಯಲಿಗೆ ಬಂತು. ಗೂಟಕ್ಕೆ ನೇತುಹಾಕಿದ್ದ ಒಳಬಟ್ಟೆ, ಸುರುಳಿ ಸುತ್ತಿದ ಹಾಸಿಗೆ, ತೊಳೆಯದ ಎರಡು ತಟ್ಟೆ. ಅಕ್ಕ ಮುಖ ತಿರುಗಿಸಿಕೊಂಡಳು. ಮತ್ತೆ ತಿರುಗಿ ನೋಡಿದಳು, ನೋಡದೆ ಇರಲು ಆಗಲಿಲ್ಲ. ಮನೆ ಕಟ್ಟುವುದನ್ನು ಅವಳು ಎಷ್ಟೋ ಸಲ ನೋಡಿದ್ದಳು. ಒಬ್ಬ ಮನುಷ್ಯ ಇನ್ನೊಬ್ಬನ ಕಾಲಿಗಾಗಿ ತನ್ನ ಮನೆಯನ್ನು ಸಣ್ಣದು ಮಾಡಿಕೊಳ್ಳುವುದನ್ನು ನೋಡಿರಲಿಲ್ಲ.

"ಮೆಷಿನ್ ತಂದು ನನ್ನ ಅಂಗಡಿ ಒಳಗೆ ಬಾಗಿಲ ಹತ್ರ ಹಾಕ್ಕೋ," ಎಂದ ಅಂಗಡಿಯವನು, ಸ್ಟ್ರೆಚರಿನಿಂದ ಇಳಿಯದೆಯೇ.

"ಬಾಡಿಗೆ?"

"ಹೊಲೀವಾಗ ಹಾಡಬೇಡ. ಅದೇ ಬಾಡಿಗೆ."

ಆಪರೇಷನ್ನಿನ ದಿನ ಬೆಳಿಗ್ಗೆ ನಾಲ್ವರು ಅಕ್ಕನ ಗಂಡನನ್ನು ಎತ್ತಿದರು. ಜನ ಬಾಗಿಲುಗಳ ಒಳಗೆ ಸರಿದು ನಿಂತು ದಾರಿ ಬಿಟ್ಟರು. ಹೊರುವವರ ಉಸಿರು ಮಾತ್ರ ಕೇಳಿಸುತ್ತಿತ್ತು. ಮಲಗಿದವನ ಕಣ್ಣು ಒಡೆದ ಗೋಡೆಗಳ ಅಂಚಿನ ಮೇಲೇ ಇತ್ತು. ಕತ್ತರಿಸಿದ ಜಾಗಗಳಲ್ಲಿ ಹಳೆಯ ಬಣ್ಣಗಳು ಪದರ ಪದರವಾಗಿ ಕಾಣುತ್ತಿದ್ದವು. ಹಳದಿಯ ಕೆಳಗೆ ಹಸಿರು, ಹಸಿರಿನ ಕೆಳಗೆ ತಿಳಿನೀಲಿ.

"ಆ ಹಸಿರು ನಾನೇ ಹೊಡೆದದ್ದು," ಎಂದ. "ಆ ನೀಲೀನೂ."

"ಅಲ್ಲಾಡಬೇಡ," ಎಂದಳು ಅಕ್ಕ.

ತಿರುವು ಬಂತು. ಮುಂದಿನವರು ತಿರುಗಿದರು, ಹಿಂದಿನವರು ಅಗಲಕ್ಕೆ ಸರಿದರು. ಸ್ಟ್ರೆಚರ್ ಎಲ್ಲಿಯೂ ತಾಗದೆ ಆಚೆ ಬಂತು. ಅವನು ಆಕಾಶ ನೋಡಿದ. ಆಂಬುಲೆನ್ಸಿನ ಬಾಗಿಲು ತೆರೆದಿತ್ತು.

ಗಲ್ಲಿ ಕಳೆದುಕೊಂಡದ್ದು ಒಂಬತ್ತು ಮೆಟ್ಟಿಲು, ಎರಡು ಜಗಲಿ, ಬಟ್ಟೆ ಒಗೆಯುವ ಕಲ್ಲು ಒಂದು, ಕಿಟಕಿ ಒಂದು, ಟೈಲರನ ಎಡಗೈ ಹೆಬ್ಬೆರಳಿನ ಉಗುರು.