ಪ್ಲಗ್ಗಿಲ್ಲದ ಮೋಟಾರು

“ಹೊಲಿಗೆ ಮೆಷಿನ್ನಿಗೆ ಎಣ್ಣೆ ಬಿಡೋನು ಮೊಣಕಾಲಿನ ವಿಚಾರ ಮಾತಾಡ್ತಾನೆ! ಎಂಟನೇ ಕ್ಲಾಸು ದಾಟೋಕಾಗಲಿಲ್ಲ ನಿನ್ನ ಕೈಲಿ. ತೆಪ್ಪಗೆ ಆ ಚೈನು ಒರೆಸೋ, ಎಣ್ಣೆಡಬ್ಬಿ.”

ಅಣ್ಣ ಇದನ್ನು ಹೇಳಿದ್ದು ಮೈಕಿನಲ್ಲಿ. ಇಪ್ಪತ್ತು ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕೂತಿದ್ದ ಇಪ್ಪತ್ತು ಮಂದಿ ಹಿರಿಯರು ನಕ್ಕರು. ಮುಂದಿನ ಸಾಲಿನಲ್ಲಿದ್ದ ರಿಟೈರ್ಡ್ ಗುಮಾಸ್ತರೊಬ್ಬರು ಕುತ್ತಿಗೆ ತಿರುಗಿಸಲಾಗದೆ ಇಡೀ ಮೈ ತಿರುಗಿಸಿ ನನ್ನ ಮುಖ ನೋಡಿ, ಮೊದಲ ಸಲ ಸರಿಯಾಗಿ ನಗಲಿಲ್ಲವೇನೋ ಎಂಬಂತೆ ಇನ್ನೊಂದು ಸಲ ನಕ್ಕರು.

ಅಣ್ಣ ಅಂದರೆ ನನ್ನ ದೊಡ್ಡಮ್ಮನ ಮಗ. ವ್ಯಾಯಾಮದ ಸಾಮಾನು ಮಾರುವ ಅಂಗಡಿ ಅವನದು. ನಿಂತಲ್ಲೇ ಓಡುವ ಯಂತ್ರ, ಕೂತಲ್ಲೇ ತುಳಿಯುವ ಸೈಕಲ್ಲು, ಎಳೆದರೆ ಹಿಗ್ಗುವ ರಬ್ಬರು ಪಟ್ಟಿ. ಭಾನುವಾರ ಬೆಳಿಗ್ಗೆ ಅಂಗಡಿಯೊಳಗೇ ಕುರ್ಚಿ ಹಾಕಿಸಿ ‘ಯಾವ ವಯಸ್ಸಿಗೂ ಹಗುರ ವ್ಯಾಯಾಮ’ ಅಂತ ಭಾಷಣ ಬಿಗಿಯುತ್ತಾನೆ. ತಾನು ಮಾತ್ರ ಮೇಲಿನ ಮನೆಯಲ್ಲಿ ಮರೆತು ಬಂದ ಕನ್ನಡಕ ತರಿಸಲು ನನಗೆ ಫೋನು ಮಾಡುತ್ತಾನೆ.

ನಾನು ಹೇಳಿದ್ದಾದರೂ ಏನು? ಅವನು ಭಾಷಣದ ನಡುವೆ, “ನಮ್ಮಮ್ಮನ್ನೇ ತಗೊಳ್ಳಿ. ಎಪ್ಪತ್ತೆರಡು. ಐದು ತಿಂಗಳಿಂದ ಮೆಟ್ಟಿಲಿಳಿದಿಲ್ಲ. ವಯಸ್ಸು ಯಾರನ್ನ ಬಿಡುತ್ತೆ? ಅದಕ್ಕೇ ಅವರಿಗೂ ಇದೇ ಸೈಕಲ್ಲು ಕೊಡ್ತಾ ಇದ್ದೀನಿ” ಅಂದ. ಹಿಂದೆ ಕುಕ್ಕರಗಾಲಲ್ಲಿ ಕೂತು ಅವನ ಸೈಕಲ್ಲುಗಳ ಚೈನು ಒರೆಸುತ್ತಿದ್ದ ನಾನು, “ಹೊಲಿಗೆ ಮೆಷಿನ್ನಿಗೆ ಮೋಟಾರು ಹಾಕೋ ತನಕ ದೊಡ್ಡಮ್ಮನ ಕಾಲು ಚೆನ್ನಾಗೇ ಇತ್ತಲ್ಲ ಅಣ್ಣಾ” ಅಂದೆ. ಅಷ್ಟೇ.

ಆ ಮೋಟಾರು ಹಾಕಿದ್ದು ನಾನೇ. ಅದನ್ನು ಮುಚ್ಚಿಟ್ಟು ಒಳ್ಳೆಯವನಾಗುವ ಆಸೆ ನನಗಿಲ್ಲ.

ದೊಡ್ಡಮ್ಮ ನಲವತ್ತು ವರ್ಷ ಕಾಲಲ್ಲಿ ತುಳಿಯುವ ಮೆಷಿನ್ನಿನಲ್ಲಿ ದಿಂಬಿನ ಚೀಲ, ಪರದೆ, ಕೈಚೀಲ ಹೊಲಿದವಳು. ಆ ದುಡಿಮೆಯಲ್ಲೇ ಅಣ್ಣ ಓದಿದ್ದು. ನಾನು ಸ್ಕೂಲಿಗೆ ಕೈಮುಗಿದು ಬಂದಾಗ ಬೈಯದೆ ತನ್ನ ಮೆಷಿನ್ನಿನ ಕೆಳಗೆ ಕೂರಿಸಿ, ಸ್ಕ್ರೂ ಬಿಚ್ಚುವುದನ್ನೂ ಜೋಡಿಸುವುದನ್ನೂ ಹೇಳಿಕೊಟ್ಟವಳು ಅವಳು. ಇವತ್ತು ನನ್ನ ರಿಪೇರಿ ಗೂಡಂಗಡಿ ಇರುವುದು ಅದರಿಂದ. ಎಪ್ಪತ್ತೊಂದರಲ್ಲೂ ಅವಳು ದಿನಕ್ಕೆ ನಾಲ್ಕು ಸಲ ಹದಿನೆಂಟು ಮೆಟ್ಟಿಲು ಹತ್ತಿ ಇಳಿಯುತ್ತಿದ್ದಳು. ಮೆಷಿನ್ನು ತುಳಿಯುತ್ತಲೇ ಬೀದಿಯ ಅರ್ಧ ಜನರ ಜಾತಕ ಬಿಡಿಸುತ್ತಿದ್ದಳು.

ಹನ್ನೊಂದು ತಿಂಗಳ ಹಿಂದೆ ಅಣ್ಣನಿಗೆ ಮರ್ಯಾದೆಯ ಪ್ರಶ್ನೆ ಎದ್ದಿತು. “ಈ ವಯಸ್ಸಲ್ಲಿ ತಾಯಿ ಕೈಲಿ ಮೆಷಿನ್ನು ತುಳಿಸ್ತಾನೆ ಅಂತ ಜನ ನನ್ನ ಮುಖಕ್ಕೆ ಉಗೀತಾರೆ. ಒಂದೋ ಮೋಟಾರು, ಇಲ್ಲಾ ಗುಜರಿ. ಆಮೇಲೆ ಯಾವತ್ತಾದ್ರೂ ಅವಳು ತುಳಿಯೋದು ಕಣ್ಣಿಗೆ ಬಿತ್ತೋ, ಅವತ್ತೇ ಗುಜರಿಯವನನ್ನ ಕರೆಸ್ತೀನಿ.” ದುಡ್ಡು ಕೊಟ್ಟು ಸೈಕಲ್ಲು ತುಳಿಯಿರಿ ಅಂತ ಊರಿಗೆಲ್ಲ ಹೇಳುವವನಿಗೆ ತಾಯಿ ಪುಕ್ಕಟೆ ತುಳಿಯುವುದು ಅವಮಾನ!

ಮೆಷಿನ್ನು ಉಳಿಯಲಿ ಅಂತ ನಾನು ಮೋಟಾರು ಹಾಕಿದೆ. ಕೆಳಗಿನ ದೊಡ್ಡ ಚಕ್ರದ ಚರ್ಮದ ಬೆಲ್ಟು ತೆಗೆದು, ಪಕ್ಕಕ್ಕೆ ಮುಷ್ಟಿಗಾತ್ರದ ಮೋಟಾರು ಕೂರಿಸಿ, ಕಾಲ ಬಳಿ ಸ್ವಿಚ್ಚು ಇಟ್ಟೆ. ಹೆಬ್ಬೆರಳು ಸೋಕಿಸಿದರೆ ಸಾಕು, ಗುರ್ರ್ ಅಂತ ಹೊಲಿಗೆ ಓಡುತ್ತದೆ. “ಇನ್ಮೇಲೆ ರಾಣಿ ಥರ ಕೂತ್ಕೋ ದೊಡ್ಡಮ್ಮ” ಅಂದಿದ್ದೆ. ನನ್ನ ಬುದ್ಧಿಗೆ ಬೆಂಕಿ ಬೀಳ.

ರಾಣಿ ಕೂತಳು. ಮೂರು ತಿಂಗಳಿಗೆ ಪಾದ ಊದಿಕೊಂಡಿತು. ಆರು ತಿಂಗಳಿಗೆ ಮೆಟ್ಟಿಲು ನಿಂತಿತು. ಆಮೇಲೆ ಬಾಯಿ ನಿಂತಿತು. ನನಗೆ ಹೆದರಿಕೆಯಾದದ್ದು ಆಗ. ಒಂದು ದಿನ ಹೋದರೆ, ಹೊಲಿದ ದಿಂಬಿನ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ತಿರುಗಿಸಿ ತಿರುಗಿಸಿ ನೋಡುತ್ತಿದ್ದಳು. ನಾಲ್ಕೂ ಕಡೆ ಹೊಲಿದುಬಿಟ್ಟಿದ್ದಳು. ದಿಂಬು ಹೋಗಲು ಬಾಯೇ ಇಲ್ಲ.

“ಎಲ್ಲಿ ಬಿಡಬೇಕಿತ್ತೋ?” ಅಂತ ನನ್ನನ್ನು ಕೇಳಿದಳು. ನಲವತ್ತು ವರ್ಷ ಹೊಲಿದವಳು.

ಅಣ್ಣನಿಗೆ ತೋರಿಸಿದೆ. “ವಯಸ್ಸು ಕಣೋ” ಅಂದ, ಫೋನಿನಿಂದ ತಲೆ ಎತ್ತದೆ.

ಮೈಕಿನಲ್ಲಿ ಬೈಸಿಕೊಂಡ ಆ ಭಾನುವಾರ ನಾನು ಸೀದಾ ಮೇಲೆ ಹೋದೆ. ದೊಡ್ಡಮ್ಮ ಕಿಟಕಿಗೆ ಬೆನ್ನು ಹಾಕಿ ಕೂತಿದ್ದಳು. ಅಣ್ಣ ಗೊತ್ತು ಮಾಡಿದ್ದ ಕಾಲಿನ ಡಾಕ್ಟರಮ್ಮ ಅವತ್ತೇ ಮೊದಲ ಸಲ ಬಂದಿದ್ದರು. ನನಗಿಂತ ನಾಲ್ಕೈದು ವರ್ಷ ದೊಡ್ಡವರಿರಬಹುದು. ಸ್ಟೂಲಿನ ಮೇಲೆ ಕೂತು ದೊಡ್ಡಮ್ಮನ ಪಾದ ಹಿಡಿದು, “ಹಿಮ್ಮಡಿ ಒತ್ತಿ, ಬೆರಳು ಎತ್ತಿ. ಈಗ ಬೆರಳು ಒತ್ತಿ, ಹಿಮ್ಮಡಿ ಎತ್ತಿ. ಹೀಗೇ ಹತ್ತು ನಿಮಿಷ, ದಿನಕ್ಕೆ ಎರಡು ಸಲ” ಅಂತ ಹೇಳಿಕೊಡುತ್ತಿದ್ದರು.

“ಸುಮ್ಮಸುಮ್ಮನೆ ಗಾಳಿಗೆ ಕಾಲಾಡಿಸೋಕೆ ನನಗೇನು ಹುಚ್ಚಾ?” ಅಂದಳು ದೊಡ್ಡಮ್ಮ.

ನಾನು ಬಾಗಿಲಲ್ಲೇ ನಿಂತುಬಿಟ್ಟೆ. ಹಿಮ್ಮಡಿ, ಬೆರಳು. ಹಿಮ್ಮಡಿ, ಬೆರಳು. ಆ ಮೆಷಿನ್ನಿನ ಕೆಳಗೆ ಕೂತು ನಾನು ಎಷ್ಟು ವರ್ಷ ನೋಡಿದ್ದು ಅದನ್ನೇ ಅಲ್ಲವೇ? ಚೀಲದಿಂದ ಸ್ಕ್ರೂಡ್ರೈವರ್, ಇಕ್ಕಳ ತೆಗೆದೆ. ಗೋಡೆಯಿಂದ ಮೋಟಾರಿನ ಪ್ಲಗ್ಗು ಕಿತ್ತು, ಅದರ ವೈರನ್ನೇ ಕತ್ತರಿಸಿ ಪ್ಲಗ್ಗನ್ನು ಜೇಬಿಗೆ ಹಾಕಿಕೊಂಡೆ. ಮೋಟಾರಿನ ರಬ್ಬರು ಬೆಲ್ಟು ಕಳಚಿ, ದೊಡ್ಡಮ್ಮ ಡ್ರಾಯರಿನಲ್ಲಿ ಸುತ್ತಿಟ್ಟಿದ್ದ ಹಳೇ ಚರ್ಮದ ಬೆಲ್ಟನ್ನು ಚಕ್ರಕ್ಕೆ ಏರಿಸಿದೆ. ಮೋಟಾರಿನ ಡಬ್ಬಿಯನ್ನು ಮಾತ್ರ ಇದ್ದಲ್ಲೇ ಬಿಟ್ಟೆ.

“ಇದನ್ನ ತುಳಿದ್ರೆ ಆಗಲ್ವಾ ಮೇಡಂ?”

ಡಾಕ್ಟರಮ್ಮ ಬಗ್ಗಿ ಮೆಷಿನ್ನಿನ ಕಾಲುಹಲಗೆಯನ್ನು ಕೈಯಲ್ಲಿ ಒತ್ತಿ ನೋಡಿದರು. “ಹಗುರವಾಗೇ ಇದೆ. ಆಗುತ್ತೆ. ಆದ್ರೆ ಮೊದಲ ವಾರ ಐದೇ ನಿಮಿಷ. ನೋವು ಬಂದ್ರೆ ಅಲ್ಲೇ ನಿಲ್ಲಿಸಬೇಕು. ಹಟ ಮಾಡೋ ಹಾಗಿಲ್ಲ ಅಮ್ಮಾ. ಮೈಗೆ ಮಾತ್ರ ಅಲ್ಲ, ಕಾಲಾಡ್ತಾ ಇದ್ರೆ ತಲೆಗೂ ಒಳ್ಳೇದು, ನಿದ್ದೆಗೂ ಒಳ್ಳೇದು.”

“ಅಣ್ಣ ಚಾರ್ಟು ಕೊಟ್ಟಿದ್ದಾನೆ, ಟಿಕ್ ಹಾಕ್ಬೇಕಂತೆ. ಅವನಿಗೆ ಇದು ಗೊತ್ತಾದ್ರೆ ಮೆಷಿನ್ನು ಗುಜರಿಗೆ” ಅಂದೆ.

ಅವರು ಚಾರ್ಟು ಓದಿದರು. “ಇಲ್ಲಿ ‘ಕಾಲಾಡಿಸುವುದು’ ಅಂತಿದೆ. ಯಾವುದರ ಮೇಲೆ ಅಂತ ಬರೆದಿಲ್ಲವಲ್ಲ” ಅಂತ ಹೇಳಿ ಬ್ಯಾಗು ಹೆಗಲಿಗೇರಿಸಿದರು. ಓದಿದವರಲ್ಲೂ ಬುದ್ಧಿ ಇರುವವರು ಇದ್ದಾರೆ ಅಂತ ಒಪ್ಪಿಕೊಳ್ಳಬೇಕಾಯಿತು.

ಮೊದಲ ದಿನ ದೊಡ್ಡಮ್ಮ ಕಾಲಿಟ್ಟು ಒತ್ತಿದಳು. ಚಕ್ರ ಹಿಂದಕ್ಕೆ ತಿರುಗಿತು. ದಾರ ಪಟ್ಟನೆ ಹರಿಯಿತು. ಹೊಸದಾಗಿ ಕಲಿಯುವ ಹುಡುಗಿಯರು ಮಾಡುವ ತಪ್ಪು ಅದು. ಇನ್ನೊಂದು ಸಲ ಒತ್ತಿದಳು, ಮತ್ತೆ ಹಿಂದಕ್ಕೆ. ಹರಿದ ದಾರವನ್ನು ಮತ್ತೆ ಸೂಜಿಗೆ ಪೋಣಿಸಿದಳು. ನಾನು ಗೋಡೆ ನೋಡುತ್ತಾ ನಿಂತೆ. ಮೂರನೇ ಸಲ ಕೈಚಕ್ರವನ್ನು ತಾನೇ ತನ್ನ ಕಡೆಗೆ ತಿರುವಿಕೊಂಡು ಕಾಲು ಕೊಟ್ಟಳು. ಕಟ್... ಕಟ್... ಕಟ ಕಟ ಕಟ. ಮೂರು ನಿಮಿಷ. ಹಣೆ ಒರೆಸಿಕೊಂಡು, “ಎಣ್ಣೆ ಬಿಡೋ ಸೋಮಾರಿ, ಮುದುಕನ ಕೆಮ್ಮಿನ ಥರ ಇದೆ ಇದರ ಶಬ್ದ” ಅಂದಳು. ಐದು ತಿಂಗಳಲ್ಲಿ ಅವಳು ನನ್ನನ್ನು ಬೈದದ್ದು ಅದೇ ಮೊದಲು. ನನಗೆ ಕುಣಿಯುವಂತಾಯಿತು.

ಮರುದಿನ ಅಣ್ಣ ಸೈಕಲ್ಲು ತಂದು ಅವಳ ಕೋಣೆಯಲ್ಲಿ ನಿಲ್ಲಿಸಿದ. ಹ್ಯಾಂಡಲ್ಲಿಗೆ ಮೀಟರು ಬೇರೆ. “ದಿನಾ ಹತ್ತು ನಿಮಿಷ ಅಮ್ಮಾ. ಶನಿವಾರ ಶನಿವಾರ ಕಿಲೋಮೀಟರು ನೋಡ್ತೀನಿ. ಮೋಸ ಮಾಡೋ ಹಾಗಿಲ್ಲ.” ಮೋಟಾರಿನ ಕಡೆ ಕಣ್ಣೂ ಹಾಯಿಸಲಿಲ್ಲ. ಅದರ ತುಂಡು ವೈರು ಅವನ ಶೂ ಪಕ್ಕದಲ್ಲೇ ನೇತಾಡುತ್ತಿತ್ತು.

ದೊಡ್ಡಮ್ಮನಿಗೆ ಆ ಸೀಟಿನ ಮೇಲೆ ಹತ್ತಲು ಸಾಧ್ಯವೇ ಇರಲಿಲ್ಲ. ಹ್ಯಾಂಡಲ್ಲಿನ ಮೇಲೆ ಹೊಲಿಯಬೇಕಾದ ಬಟ್ಟೆ ನೇತುಹಾಕಿದಳು. ಆದರೆ ಮೀಟರಿಗೆ ನಂಬರು ಬೇಕಲ್ಲ? “ನೀನೇ ತುಳಿಯೋ” ಅಂದಳು.

ಹಾಗೆ ಶುರುವಾಯಿತು ನನ್ನ ಗ್ರಹಚಾರ. ಬೆಳಿಗ್ಗೆ ಗೂಡಂಗಡಿ ತೆಗೆಯುವ ಮುಂಚೆ ಐದು ನಿಮಿಷ, ಸಂಜೆ ಮುಚ್ಚಿದ ಮೇಲೆ ಐದು ನಿಮಿಷ. ಇಪ್ಪತ್ಮೂರು ವಯಸ್ಸಿನವನು ಮೊದಲ ದಿನ ನಾಲ್ಕನೇ ನಿಮಿಷಕ್ಕೆ ಬಾಯಿ ಬಿಟ್ಟೆ. ದಿನವಿಡೀ ಬೇರೆಯವರ ಮೆಷಿನ್ನಿನ ಮೇಲೆ ಬಗ್ಗಿ ಬಗ್ಗಿ ನನ್ನ ಬೆನ್ನು ಕೊಕ್ಕೆಯಾಗಿತ್ತು.

“ನೋಡು ನಿನ್ನ ಅವಸ್ಥೆ. ಇಸ್ತ್ರಿ ಹಾಕಿದ್ರೂ ನೆಟ್ಟಗಾಗಲ್ಲ ಆ ಬೆನ್ನು. ನಿಧಾನಕ್ಕೆ ತುಳಿಯೋ, ಯಾರು ಅಟ್ಟಿಸ್ಕೊಂಡು ಬರ್ತಿದ್ದಾರೆ?”

“ನಿನ್ನ ಮಗನ ಮುಖ ನೆನಪಾದ್ರೆ ಕಾಲು ತಾನಾಗೇ ಜೋರಾಗುತ್ತೆ.”

“ನನ್ನ ಮಗನ ಸುದ್ದಿಗೆ ಬರಬೇಡ. ಬೈಯೋದಿದ್ರೆ ನಾನು ಬೈತೀನಿ.”

ಕೆಳಗೆ ಅಂಗಡಿಯಲ್ಲಿ ಧಡ್ ಧಡ್ ಅಂತ ಹಾಡು ಹಾಕಿರುತ್ತಿದ್ದುದರಿಂದ ಮೆಷಿನ್ನಿನ ಸದ್ದು ಯಾರಿಗೂ ಕೇಳುತ್ತಿರಲಿಲ್ಲ. ಕೋಣೆಯ ಈ ಗೋಡೆಗೆ ಅವಳು, ಆ ಗೋಡೆಗೆ ನಾನು, ಇಬ್ಬರೂ ತುಳಿದೇ ತುಳಿದೆವು. ಎರಡನೇ ವಾರಕ್ಕೆ ಅವಳದು ಹತ್ತು ನಿಮಿಷವಾಯಿತು. ಪಾದದ ಊತ ಇಳಿದು ಚಪ್ಪಲಿ ಹಿಡಿಯಿತು. ಮೂರನೇ ವಾರ ಡಾಕ್ಟರಮ್ಮ ಮೆಟ್ಟಿಲಿಗೆ ಅಪ್ಪಣೆ ಕೊಟ್ಟರು. ದಿನಕ್ಕೆ ಎರಡು ಮೆಟ್ಟಿಲು ಇಳಿದು ಎರಡು ಹತ್ತುವುದು, ಆಮೇಲೆ ನಾಲ್ಕು. ಅಣ್ಣ ಅಂಗಡಿಯಲ್ಲಿರುವಾಗ ನಾನು ಒಂದು ಮೆಟ್ಟಿಲು ಮುಂದೆ, ಅವಳು ನನ್ನ ಹೆಗಲಿನ ಮೇಲೆ ಕೈಯಿಟ್ಟು ಹಿಂದೆ. ನಾಲ್ಕನೇ ವಾರ ನಾಲ್ಕೂ ಕಡೆ ಹೊಲಿದಿದ್ದ ಆ ಚೀಲವನ್ನು ತಾನೇ ಹುಡುಕಿ ತೆಗೆದು, ಒಂದು ಕಡೆಯ ಹೊಲಿಗೆ ಬಿಚ್ಚಿ, ಮಡಿಸಿ, ನೇರ ಮಾಡಿ ನನ್ನ ಮುಖಕ್ಕೆ ಎಸೆದಳು. “ಯಾವ ಕತ್ತೆ ಹೊಲಿದಿದ್ದೋ ಇದನ್ನ?” ಅಂತ ಕೇಳಿ ತಾನೇ ನಕ್ಕಳು.

ಇನ್ನೊಂದನ್ನು ಹೇಳಲು ನನಗೇ ನಾಚಿಕೆ. ರಾತ್ರಿ ಮಲಗಿದ ಕೂಡಲೇ ನನಗೆ ನಿದ್ದೆ ಬರತೊಡಗಿತ್ತು. ಮೊದಲು ಹಾಸಿಗೆಯಲ್ಲಿ ಹೊರಳಾಡುತ್ತಾ ಅಣ್ಣನಿಗೆ, ಸ್ಕೂಲಿನ ಮೇಷ್ಟ್ರಿಗೆ, ಕೊಟ್ಟ ಮೆಷಿನ್ನು ವಾಪಸ್ ಒಯ್ಯದ ಗಿರಾಕಿಗಳಿಗೆ ಮನಸ್ಸಿನಲ್ಲೇ ಉತ್ತರ ಕೊಡುತ್ತಿದ್ದವನು, ಈಗ ಒಬ್ಬರಿಗೂ ಉತ್ತರ ಕೊಡುವ ಮುಂಚೆ ಗೊರಕೆ ಹೊಡೆಯುತ್ತಿದ್ದೆ. ಬೆನ್ನಿನ ನೋವೂ ಕಮ್ಮಿಯಾಗಿತ್ತು. ಆ ದರಿದ್ರ ಸೈಕಲ್ಲಿನಿಂದ! ಅದನ್ನು ಮಾರುವವನ ಬಾಯಿಂದ ಬಂದ ಮಾತು ನಿಜವಾಗಿಬಿಟ್ಟಿತಲ್ಲ ಅಂತ ಎಷ್ಟು ಉರಿಯಿತು ನನಗೆ.

ಆರು ವಾರ ತುಂಬಿದ ಭಾನುವಾರ. ಮತ್ತೆ ಅದೇ ಕುರ್ಚಿಗಳು, ಅದೇ ಮೈಕು, ಅದೇ ಗುಮಾಸ್ತರು. ನಾನು ಹಿಂದೆ ಕೂತು ಚೈನು ಒರೆಸುತ್ತಿದ್ದೆ. ಬಾಗಿಲ ಬಳಿ ಸದ್ದಾಯಿತು. ದೊಡ್ಡಮ್ಮ. ಹದಿನೆಂಟೂ ಮೆಟ್ಟಿಲು ಒಬ್ಬಳೇ ಇಳಿದಿದ್ದಳು, ನನಗೂ ಹೇಳಿರಲಿಲ್ಲ. ಒಂದು ಕೈ ಚೌಕಟ್ಟಿನ ಮೇಲೆ, ಉಸಿರು ಸ್ವಲ್ಪ ಜೋರು, ಮುಖ ಮಾತ್ರ ಮೆಷಿನ್ನಿನ ಮುಂದೆ ಕೂತಾಗಿನ ಹಳೇ ಮುಖ.

ಅಣ್ಣ ಮೈಕು ಕೆಳಗಿಳಿಸಿದ. ಕಣ್ಣು ಒದ್ದೆಯಾದದ್ದನ್ನು ನಾನೇ ನೋಡಿದೆ. ಸುಳ್ಳು ಹೇಳುವುದಿಲ್ಲ, ಆ ಒಂದು ಕ್ಷಣ ಅವನು ಮಗನ ಹಾಗೆ ಕಂಡ. ಎರಡನೇ ಕ್ಷಣಕ್ಕೆ ಮೈಕು ಬಾಯಿಗೆ ಹೋಯಿತು.

“ನೋಡಿ! ನಮ್ಮಮ್ಮ! ಎಪ್ಪತ್ತೆರಡು ವರ್ಷ! ಆರೇ ವಾರ ಈ ಸೈಕಲ್ಲು ತುಳಿದಿದ್ದಾರೆ. ನಿನ್ನೆ ಮೀಟರು ನೋಡಿದೆ, ನೂರಾ ಹನ್ನೆರಡು ಕಿಲೋಮೀಟರು!”

ನನ್ನ ನೂರಾ ಹನ್ನೆರಡು ಕಿಲೋಮೀಟರು. ಇಪ್ಪತ್ತು ಮಂದಿ ಚಪ್ಪಾಳೆ ತಟ್ಟಿದರು.

ಗುಮಾಸ್ತರು ಕೇಳಿದರು, “ಅಮ್ಮಾ, ದಿನಾ ಎಷ್ಟು ಹೊತ್ತು ತುಳೀತೀರಿ?”

“ಬೆಳಿಗ್ಗೆ ಹತ್ತು ನಿಮಿಷ, ಸಂಜೆ ಹತ್ತು ನಿಮಿಷ” ಅಂದಳು ದೊಡ್ಡಮ್ಮ. “ನೋವಾದ್ರೆ ನಿಲ್ಲಿಸ್ತೀನಿ. ನೀವೂ ಎದ್ದು ಸ್ವಲ್ಪ ಓಡಾಡ್ರಿ, ಬರೀ ಚಪ್ಪಾಳೆ ತಟ್ಟಿದ್ರೆ ಕೈ ಮಾತ್ರ ಗಟ್ಟಿಯಾಗುತ್ತೆ.”

ಅದರಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ.

ಅಣ್ಣ ಕುರ್ಚಿಗಳ ನಡುವೆ ನಡೆದುಕೊಂಡು ನನ್ನ ಹತ್ತಿರ ಬಂದ. “ಏನೋ ಎಣ್ಣೆಡಬ್ಬಿ? ಅವತ್ತು ದೊಡ್ಡದಾಗಿ ಬಾಯಿ ಹಾಕಿದೆಯಲ್ಲ. ಈಗ ಹೇಳು, ಮೊಣಕಾಲಿನ ವಿಚಾರ ಯಾರಿಗೆ ಗೊತ್ತು? ಎಲ್ಲರಿಗೂ ಕೇಳೋ ಹಾಗೆ ಹೇಳು.” ಮೈಕನ್ನು ನನ್ನ ಬಾಯಿಗೆ ಹಿಡಿದ.

ಮೋಟಾರಿಗೆ ಪ್ಲಗ್ಗೇ ಇಲ್ಲ, ಮೇಲೆ ಹೋಗಿ ನೋಡು. ಅಷ್ಟು ಹೇಳಿದ್ದರೆ ಸಾಕಿತ್ತು. ನಾಲಿಗೆಯ ತುದಿಯಲ್ಲೇ ಇತ್ತು. ಪ್ಲಗ್ಗು ಈಗಲೂ ನನ್ನ ಜೇಬಿನಲ್ಲಿತ್ತು. ಇಪ್ಪತ್ತು ಮಂದಿಯ ಮುಂದೆ ಅವನ ಅಂಗೈಯಲ್ಲಿಟ್ಟು ಆ ಮುಖ ನೋಡಬಹುದಿತ್ತು. ಸಂಜೆಯೊಳಗೆ ಗುಜರಿಯವನ ಗಾಡಿಯೂ ಬಂದು ನಿಲ್ಲುತ್ತಿತ್ತು.

ದೊಡ್ಡಮ್ಮ ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತಿದ್ದಳು. ನನ್ನ ಕಡೆ ನೋಡುತ್ತಲೂ ಇರಲಿಲ್ಲ, ಪಕ್ಕದವರಿಗೆ ಏನೋ ಹೇಳುತ್ತಿದ್ದಳು. ಅವಳ ಬಲಗಾಲು ಮಾತ್ರ ನೆಲದ ಮೇಲೆ ತನ್ನ ಪಾಡಿಗೆ ಆಡುತ್ತಿತ್ತು. ಹಿಮ್ಮಡಿ, ಬೆರಳು. ಹಿಮ್ಮಡಿ, ಬೆರಳು. ಸೋಮವಾರಕ್ಕೆ ಅವಳಿಗೆ ಎರಡು ಪರದೆ ಹೊಲಿದು ಕೊಡುವುದಿತ್ತು.

ಎಣ್ಣೆಡಬ್ಬಿಯ ಮುಚ್ಚಳ ತಿರುಗಿಸಿ ಚೀಲಕ್ಕೆ ಹಾಕಿಕೊಂಡೆ. ಬಟ್ಟೆಗೆ ಕೈ ಒರೆಸಿಕೊಂಡು ಎದ್ದೆ.

“ಬಾಯಿ ಎಲ್ಲಿ ಹೋಯ್ತೋ?” ಅಂದ ಅಣ್ಣ ಮೈಕಿನಲ್ಲಿ. ಎಲ್ಲರೂ ನಕ್ಕರು.

ನಾನು ಅವನ ಪಕ್ಕದಿಂದ ದಾಟಿ, ಕುರ್ಚಿಗಳ ನಡುವಿನಿಂದ ಬಾಗಿಲಾಚೆ ಬೀದಿಗಿಳಿದು, ಗೂಡಂಗಡಿಯ ಕಡೆಗೆ ನಡೆದೆ.