ಅಕ್ಕ ಕೊಟ್ಟ ಕಿಡ್ನಿ

"ನಂದೆಲ್ಲಿ?" ಎಂದು ಬೊಡಿಲ್ ಕೇಳಿದಾಗ ಡಾಕ್ಟರ್ ಮಾಲ್ತೆಗೆ ಅರ್ಥವಾಗಲಿಲ್ಲ.

ಪರದೆಯ ಮೇಲಿದ್ದದ್ದು ಅವಳ ತಂಗಿ ಎಲ್ನಾಳ ಹೊಟ್ಟೆಯ ಚಿತ್ರ. ಗರ್ಭಕೋಶದ ಕೊರಳಿನ ಕ್ಯಾನ್ಸರ್ ಗಡ್ಡೆಗೆ ಕೆಂಪು ಗೆರೆ, ವಿಕಿರಣದಿಂದ ಕಾಪಾಡಬೇಕಾದ ಅಂಗಗಳಿಗೆ ಹಸಿರು ಗೆರೆ. ಅಷ್ಟನ್ನೂ ಕಂಪ್ಯೂಟರ್ ತಾನೇ ಗುರುತಿಸಿ ಮೂರು ನಿಮಿಷದಲ್ಲಿ ಎಳೆದಿತ್ತು. ಮಾಲ್ತೆ ಅದನ್ನು ಮಗನ ಅಂಕಪಟ್ಟಿ ತೋರಿಸುವವರ ಹಾಗೆ ತೋರಿಸುತ್ತಿದ್ದರು. ಮೊದಲ ಚಿಕಿತ್ಸೆ ಮರುದಿನ ಬೆಳಿಗ್ಗೆಗೆ ಗೊತ್ತಾಗಿತ್ತು.

"ನೋಡಿ, ಎರಡು ಕಿಡ್ನಿಗೂ ಏನೂ ತೊಂದ್ರೆ ಇಲ್ಲ."

"ಅವೆರಡೂ ಸತ್ತು ಹದಿನಾಲ್ಕು ವರ್ಷ ಆಯ್ತಲ್ಲ ಡಾಕ್ಟ್ರೇ! ನಿಮ್ಮ ಯಂತ್ರ ಹೆಣ ಕಾಯ್ತಾ ಕೂತಿದೆ. ಕೆಲಸ ಮಾಡ್ತಿರೋದು ನಾನು ಕೊಟ್ಟಿದ್ದು. ಇಲ್ಲಿದೆ." ಬೊಡಿಲ್ ತಂಗಿಯ ಬಲ ಕಿಬ್ಬೊಟ್ಟೆಯ ಮೇಲೆ ಬೆರಳಿಟ್ಟಳು.

"ಮುಟ್ಬೇಡ ಕಣಕ್ಕಾ, ಕಚಗುಳಿ ಆಗುತ್ತೆ."

ಮಾಲ್ತೆ ಪರದೆಗೆ ಮುಖ ಹತ್ತಿರ ತಂದರು. ಗಡ್ಡೆಯ ಮಗ್ಗುಲಲ್ಲೇ ಮುಷ್ಟಿಗಾತ್ರದ ಅಂಗವೊಂದಿತ್ತು. ಕಿಡ್ನಿ ಅಲ್ಲಿರುವುದನ್ನು ಕಂಡರಿಯದ ಯಂತ್ರ ಅದಕ್ಕೆ 'ಕರುಳು' ಎಂದು ಹೆಸರಿಟ್ಟಿತ್ತು. ಕರುಳು ತಾಳುವುದರಲ್ಲಿ ಅರ್ಧ ವಿಕಿರಣವನ್ನೂ ಕಿಡ್ನಿ ತಾಳುವುದಿಲ್ಲ. ಅವರ ಮುಖ ಕಪ್ಪಿಟ್ಟಿತು.

"ಕಡತದಲ್ಲಿತ್ತು. ನಾನೇ ಓದಿದ್ದೆ. ಇಲ್ಲಿ ಎಲ್ಲಾ ಹಸಿರು ಕಂಡ ತಕ್ಷಣ..." ಎಂದು ಅವರು ನಿಲ್ಲಿಸಿದರು. ಆ ಮಟ್ಟಿಗೆ ಪ್ರಾಮಾಣಿಕ ಮನುಷ್ಯ.

ವಿಕಿರಣದ ಲೆಕ್ಕವನ್ನೆಲ್ಲ ಮತ್ತೆ ಮಾಡಬೇಕಿತ್ತು. ನಾಳೆಯ ಸರದಿ ತಪ್ಪಿದರೆ ಮುಂದಿನದು ಸೋಮವಾರವೇ.

"ಮೊದಲೆರಡು ದಿನ ಹೀಗೇ ಶುರು ಮಾಡಿ, ಅಷ್ಟರಲ್ಲಿ ಹೊಸದು..." ಎಂದರು ಮಾಲ್ತೆ.

"ಕೋಟೆ ಸೂರೆ ಹೋದ್ಮೇಲೆ ಬಾಗ್ಲು ಹಾಕ್ತೀರಾ?" ಬೊಡಿಲ್ ಕೋಟು ಕಳಚಿ ಕುರ್ಚಿಗೆ ನೇತುಹಾಕಿ ಕೂತಳು. ಥಿಸ್ಟೆಡ್ ಊರಿನ ದಾರಿಯಲ್ಲಿ ಮೂವತ್ತು ವರ್ಷ ಬಸ್ಸು ಓಡಿಸಿದವಳು. ಕೂತರೆ ಎಬ್ಬಿಸುವವರಿರಲಿಲ್ಲ.

"ಹೋಗ್ಲಿ ಬಿಡಕ್ಕಾ," ಎಂದಳು ಎಲ್ನಾ. "ಎರಡೇ ದಿನ ತಾನೆ? ಅವರಿಗೂ ಕಷ್ಟ ಇರುತ್ತೆ."

"ವಾರಕ್ಕೆ ಮೂರು ದಿನ ಡಯಾಲಿಸಿಸ್ ಕುರ್ಚೀಲಿ ಬಿದ್ಕೊಂಡಿದ್ದು ಮರ್ತೋಯ್ತೇನೆ? ಸುಡಕ್ಕೆ ಕೊಟ್ನಾ ನಾನು?" ಬೊಡಿಲಳ ದನಿ ಒಡೆಯಿತು. ಅವಳಿಗೆ ತನ್ನ ಮೇಲೇ ಸಿಟ್ಟು ಬಂತು. "ನಿನ್ನಿಷ್ಟ. ಈಗ ಅದು ನಿಂದು."

ಎಲ್ನಾ ಕಿಬ್ಬೊಟ್ಟೆಯ ಮೇಲೆ ಕೈಯಿಟ್ಟುಕೊಂಡಳು. ಹುಟ್ಟಿದಾಗಿನಿಂದ ಡಾಕ್ಟರರಿಗೆ ಎದುರಾಡಿದವಳಲ್ಲ.

"ಬೇಡ," ಎಂದಳು. "ಒಂದು ದಿನಾನೂ ಬೇಡ. ಅದರ ಸುತ್ತ ಗೆರೆ ಬೀಳೋವರೆಗೂ ನಾನು ಆ ಯಂತ್ರದ ಕೆಳಗೆ ಮಲಗಲ್ಲ. ಸೋಮವಾರಾನೇ ಬರ್ತೀನಿ. ಗೆರೆ ಈಗ್ಲೇ ಎಳೀರಿ, ನಮ್ಮೆದುರಿಗೆ."

ಮಾಲ್ತೆ ಮೌಸು ಹಿಡಿದರು. ಬೊಡಿಲ್ ಫ್ಲಾಸ್ಕಿನಿಂದ ಮೂವರಿಗೂ ಕಾಫಿ ಬಗ್ಗಿಸಿದಳು. ಚಿತ್ರದ ಒಂದೊಂದು ಪದರದಲ್ಲೂ ಅಂಚು ಹುಡುಕಿ ಗೆರೆ ಎಳೆಯುವಷ್ಟರಲ್ಲಿ ಕಾಫಿ ತಣ್ಣಗಾಯಿತು.

ಕೊನೆಗೆ ಕಂಪ್ಯೂಟರ್ ಅಂಗದ ಹೆಸರು ಕೇಳಿತು. ಎಡ ಕಿಡ್ನಿ, ಬಲ ಕಿಡ್ನಿ ಎರಡು ಹೆಸರೂ ಆಗಲೇ ಖರ್ಚಾಗಿದ್ದವು.

"ಏನಂತ ಬರೀಲಿ?" ಎಂದರು ಮಾಲ್ತೆ.

"ಬೊಡಿಲ್ ಅಂತ ಬರೀರಿ," ಎಂದಳು ಎಲ್ನಾ.

ಅಕ್ಕ ಕುರ್ಚಿಯನ್ನು ಪರದೆಯ ಹತ್ತಿರಕ್ಕೆ ಎಳೆದುಕೊಂಡಳು. ಯಂತ್ರ ಎಳೆದ ನುಣುಪು ಗೆರೆಗಳ ನಡುವೆ, ಕೈಯಿಂದ ಎಳೆದು ಅಲ್ಲಲ್ಲಿ ಸೊಟ್ಟಗಾದ ಹಸಿರು ಗೆರೆಯೊಳಗೆ ಅವಳ ಹೆಸರು ಮೂಡಿತು.